ಐದನೇ ಕ್ಲಾಸಿನ ಬಾಕಿ

ಪ್ರಥಮ ಪಿಯುಸಿ ಗಣಿತದಲ್ಲಿ ಎಲ್ಲ ಮಕ್ಕಳೂ ಹಾದುಹೋಗಲೇಬೇಕಾದ ಲೆಕ್ಕವೊಂದಿದೆ: 1/ಎಕ್ಸ್‌ನ ಡೆರಿವೇಟಿವ್ ಅನ್ನು ಫಸ್ಟ್ ಪ್ರಿನ್ಸಿಪಲ್‌ನಿಂದ ಕಂಡುಹಿಡಿಯಿರಿ. ಎಕ್ಸ್ ಇದ್ದ ಜಾಗದಲ್ಲಿ ಎಕ್ಸ್+ಎಚ್ ಬರೆಯಬೇಕು. ಅದರಿಂದ ಹಳೆಯ 1/ಎಕ್ಸ್ ಅನ್ನು ಕಳೆದು, ಬಂದದ್ದನ್ನು ಎಚ್‌ನಿಂದ ಭಾಗಿಸಬೇಕು. ಆ ಎಚ್ ಸೊನ್ನೆಯ ಹತ್ತಿರ ಹತ್ತಿರ ಹೋದಾಗ ಏನು ಉಳಿಯುತ್ತದೆಂದು ನೋಡಬೇಕು. ಉಳಿಯುವುದು ಮೈನಸ್ 1/ಎಕ್ಸ್ ಸ್ಕ್ವೇರ್. ಬೋರ್ಡಿನ ಮೇಲೆ ಐದೇ ಸಾಲಿನ ಕೆಲಸ.

ಪೇಪರ್ ತಿದ್ದಲು ಕೂತಾಗ ಈ ಐದು ಸಾಲಿನ ಗತಿ ಬೇರೆ. ಮೊದಲ ಸಾಲಿನ ಸೂತ್ರ ಅಚ್ಚುಕಟ್ಟಾಗಿರುತ್ತದೆ. 'ಲಿಮಿಟ್' ಎಂದು ಬರೆದು, ಕೆಳಗೆ ಬಾಣದ ಗುರುತು ಹಾಕಿ, ಎಚ್ ಸೊನ್ನೆಯತ್ತ ಸಾಗುತ್ತಿದೆ ಎಂದೂ ತೋರಿಸಿರುತ್ತಾರೆ. ಅನಾಹುತ ಶುರುವಾಗುವುದು ಎರಡನೇ ಸಾಲಿನಲ್ಲಿ. ಒಬ್ಬ 1/(ಎಕ್ಸ್+ಎಚ್) ಅನ್ನು 1/ಎಕ್ಸ್ + 1/ಎಚ್ ಎಂದು ಒಡೆದುಬಿಡುತ್ತಾನೆ. ಆಗ 1/ಎಕ್ಸ್‌ಗೆ 1/ಎಕ್ಸ್ ಹೋಗಿ 1/ಎಚ್ ಉಳಿಯುತ್ತದೆ. ಅದನ್ನು ಇನ್ನೊಂದು ಎಚ್‌ನಿಂದ ಭಾಗಿಸಬೇಕಲ್ಲ, ಎರಡು ಎಚ್ ಕಂಡವಲ್ಲ, ಎರಡೂ 'ಕಟ್'. ಉತ್ತರ 1. ಮತ್ತೊಬ್ಬಳು ಲಸಾಅ ಸರಿಯಾಗಿ ತೆಗೆದಿರುತ್ತಾಳೆ, ಅಂಶದಲ್ಲಿ ಎಕ್ಸ್ − (ಎಕ್ಸ್+ಎಚ್) ಎಂದೂ ಬರೆದಿರುತ್ತಾಳೆ. ಬ್ರಾಕೆಟ್ ಬಿಚ್ಚುವಾಗ ಮೈನಸ್ ಎಕ್ಸ್‌ಗೆ ಮಾತ್ರ ತಗುಲಿ, ಎಚ್ ಪ್ಲಸ್ ಆಗಿಯೇ ಉಳಿಯುತ್ತದೆ. ಅಲ್ಲಿಂದ ಮುಂದಿನದೆಲ್ಲ ಸರಿ, ಉತ್ತರ ಮಾತ್ರ ಉಲ್ಟಾ. ಎಕ್ಸ್ ಹೆಚ್ಚಿದಂತೆ 1/ಎಕ್ಸ್ ಕಡಿಮೆಯಾಗಬೇಕು, ಅರ್ಧಕ್ಕಿಂತ ಮೂರನೇ ಒಂದು ಭಾಗ ಚಿಕ್ಕದು, ಹಾಗಾಗಿ ಉತ್ತರದಲ್ಲಿ ಮೈನಸ್ ಇರಲೇಬೇಕು ಎಂಬ ಅನುಮಾನ ಅವಳಿಗೆ ಬರುವುದಿಲ್ಲ.

ಈ ಐದು ಸಾಲುಗಳಲ್ಲಿ ಪಿಯುಸಿಯ ಸಾಲು ಯಾವುದು ಎಂದು ಹುಡುಕಿ ನೋಡಿ. ಭಿನ್ನರಾಶಿಗಳ ವ್ಯವಕಲನ ಐದು–ಆರನೇ ಕ್ಲಾಸಿನದು. ಆವರಣದ ಮುಂದಿನ ಮೈನಸ್ ಏಳನೆಯದು. ಭಿನ್ನರಾಶಿಯನ್ನು ಇನ್ನೊಂದು ಸಂಖ್ಯೆಯಿಂದ ಭಾಗಿಸುವುದು ಆರು–ಏಳರದು. ಅಕ್ಷರ ತುಂಬಿಕೊಂಡ ಭಿನ್ನರಾಶಿ ಎಂಟರದು. ಎಚ್ ಸೊನ್ನೆಯತ್ತ ಹೋಗುವ ಕೊನೆಯ ಸಾಲೊಂದೇ ಪಿಯುಸಿಯದು, ಮತ್ತು ಅದರಲ್ಲಿ ಯಾರೂ ತಪ್ಪುವುದಿಲ್ಲ. ಇದು ನನಗೆ ಈಗಲೂ ಸೋಜಿಗ. ಸೊನ್ನೆಯೂ ಅಲ್ಲದ, ಸೊನ್ನೆಯಲ್ಲ ಎನ್ನಲೂ ಆಗದ ಆ ಎಚ್‌ನ ವಿಷಯಕ್ಕೆ ನ್ಯೂಟನ್ ಮತ್ತು ಲೈಬ್ನಿಟ್ಸ್‌ರ ಕಾಲದಿಂದಲೂ ಯುರೋಪಿನ ಘಟಾನುಘಟಿಗಳು ಜಗಳವಾಡಿದ್ದಾರೆ. 1734ರಲ್ಲಿ ಬಿಷಪ್ ಬರ್ಕ್ಲಿ ಒಂದು ಪುಸ್ತಕವನ್ನೇ ಬರೆದು ಅದನ್ನು ಗೇಲಿ ಮಾಡಿದ. 1821ರಲ್ಲಿ ಕೋಶಿ ಬಂದು ಲಿಮಿಟ್‌ಗೆ ಗಟ್ಟಿ ನೆಲೆ ಹುಡುಕುವತನಕ ಸಮಾಧಾನವಿರಲಿಲ್ಲ. ಅಂಥದ್ದನ್ನು ನಮ್ಮ ಮಕ್ಕಳು ಒಂದು ಪೀರಿಯಡ್ಡಿನಲ್ಲಿ ಒಪ್ಪಿಕೊಂಡು ಮುಂದೆ ಹೋಗುತ್ತಾರೆ. ಎಡವುವುದು ಲಸಾಅದಲ್ಲಿ.

ಸ್ಟಾಫ್ ರೂಮಿನಲ್ಲಿ ಇದಕ್ಕೆ ಸಿದ್ಧವಾದ ಮಾತೊಂದಿದೆ: 'ಬೇಸಿಕ್ಸೇ ಇಲ್ಲ.' ಪಿಯು ಲೆಕ್ಚರರ್ ಹೈಸ್ಕೂಲಿನ ಕಡೆ ಕೈ ತೋರಿಸುತ್ತಾರೆ, ಹೈಸ್ಕೂಲಿನವರು ಪ್ರೈಮರಿಯ ಕಡೆ, ಪ್ರೈಮರಿಯವರು ಮನೆಯ ಕಡೆ. ಎಂಜಿನಿಯರಿಂಗ್ ಕಾಲೇಜಿನವರು ನಮ್ಮ ಕಡೆ ಕೈ ತೋರಿಸುತ್ತಾರೆಂಬುದೂ ನಮಗೆ ಗೊತ್ತು. ಮಾತು ಸುಳ್ಳಲ್ಲ. ಆದರೆ ಆ ಮಾತು ಆಡಿದ ಕೂಡಲೇ ಕೆಲಸ ಮುಗಿಯಿತು ಎಂಬಂತೆ ಎಲ್ಲರೂ ಟೀ ಕುಡಿಯಲು ಏಳುತ್ತಾರಲ್ಲ, ನನ್ನ ತಕರಾರು ಅದರ ಮೇಲೆ. ಯಾವ ಬೇಸಿಕ್ಸ್ ಇಲ್ಲ, ಎಲ್ಲಿಂದ ಇಲ್ಲ ಎಂದು ಯಾರೂ ಗಂಟು ಬಿಚ್ಚಿ ನೋಡುವುದಿಲ್ಲ.

ಬಿಚ್ಚಿ ನೋಡಿದವರು ಕೆಲವರಿದ್ದಾರೆ. 'ಪ್ರಥಮ್' ಸಂಸ್ಥೆ ಹೊರತರುವ 'ಅಸರ್' ವರದಿಯ 2023ರ ಆವೃತ್ತಿ ಹಳ್ಳಿಗಾಡಿನ 14ರಿಂದ 18 ವಯಸ್ಸಿನವರನ್ನು ಪರೀಕ್ಷಿಸಿತ್ತು. 26 ರಾಜ್ಯಗಳ 28 ಜಿಲ್ಲೆ, ಮೂವತ್ತನಾಲ್ಕು ಸಾವಿರಕ್ಕೂ ಹೆಚ್ಚು ಹುಡುಗ ಹುಡುಗಿಯರು. ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸುವ ಲೆಕ್ಕವನ್ನು ಸರಿಯಾಗಿ ಮಾಡಿದವರು ಶೇ 43.3. ಮೂರು–ನಾಲ್ಕನೇ ಕ್ಲಾಸಿನ ಲೆಕ್ಕವದು. ಪತ್ರಿಕೆಗಳಲ್ಲಿ ಸುದ್ದಿಯಾದದ್ದು ಇದೇ ಅಂಕಿ. ನನ್ನ ಕಣ್ಣು ನಿಂತದ್ದು ಅದೇ ವರದಿಯ ಇನ್ನೊಂದು ಪ್ರಶ್ನೆಯ ಮೇಲೆ. ಅಳತೆಪಟ್ಟಿಯ ಪಕ್ಕ ಒಂದು ವಸ್ತುವಿನ ಚಿತ್ರವಿಟ್ಟು ಉದ್ದ ಎಷ್ಟು ಎಂದು ಕೇಳಿದ್ದರು. ವಸ್ತು ಸೊನ್ನೆಯಿಂದ ಶುರುವಾದಾಗ ಸುಮಾರು ಶೇ 85 ಮಂದಿ ಸರಿಯಾಗಿ ಹೇಳಿದರು. ಅದೇ ವಸ್ತುವನ್ನು ಪಟ್ಟಿಯ ಮೇಲೆ ಕೊಂಚ ಮುಂದೆ ಸರಿಸಿ ಇಟ್ಟಾಗ ಶೇ 39ಕ್ಕೆ ಇಳಿಯಿತು.

ಇಲ್ಲಿ ಏನು ಕಾಣೆಯಾಗಿದೆ? ಎಂಟರಲ್ಲಿ ಎರಡು ಕಳೆಯುವುದು ಆ ಮಕ್ಕಳಿಗೆ ಬರುತ್ತದೆ. ಪಟ್ಟಿ ಓದುವುದೂ ಬರುತ್ತದೆ. ಉದ್ದ ಎಂದರೆ ಎರಡು ತುದಿಗಳ ನಡುವಿನ ಅಂತರ, ಪಟ್ಟಿಯ ಮೇಲೆ ಕಾಣುವ ಕೊನೆಯ ಅಂಕಿಯಲ್ಲ ಎಂಬುದೊಂದು ಬರುವುದಿಲ್ಲ. ಮುಂದೆ ಕೋಆರ್ಡಿನೇಟ್ ಜಾಮೆಟ್ರಿಯಲ್ಲಿ ಎಕ್ಸ್-ಎರಡು ಮೈನಸ್ ಎಕ್ಸ್-ಒಂದು ಎಂಬ ಸೂತ್ರವನ್ನು ಇವರೇ ಬಾಯಿಪಾಠ ಮಾಡುತ್ತಾರೆ. ಆ ಮೈನಸ್ ಯಾಕಿದೆ ಎಂದು ಅವರಿಗೆ ಯಾವತ್ತೂ ಅನ್ನಿಸದೇ ಹೋಗುತ್ತದೆ. ಬೇಸಿಕ್ಸ್ ಎಂದರೆ ನಾವು ಮಗ್ಗಿ, ಕೂಡು–ಕಳೆ ಎಂದುಕೊಳ್ಳುತ್ತೇವೆ. ಕಾಲೇಜಿನಲ್ಲಿ ಕಾಲು ಹಿಡಿದು ಎಳೆಯುವುದು ಹೆಚ್ಚಾಗಿ ಇಂಥ, ಲೆಕ್ಕ ಮಾಡಲು ಬಂದರೂ ಅರ್ಥ ಕೂತಿರದ ಜಾಗಗಳು. ಬಡಾವಣೆಗೊಂದರಂತೆ ತೆರೆದಿರುವ ಅಬಾಕಸ್ ಕ್ಲಾಸುಗಳಿಗೆ ದುಡ್ಡು ಕಟ್ಟುವ ಅಪ್ಪ–ಅಮ್ಮಂದಿರು ಇದನ್ನು ಗಮನಿಸಬೇಕು. ಐದು ಸಂಖ್ಯೆಗಳನ್ನು ಚಿಟಿಕೆ ಹೊಡೆಯುವುದರೊಳಗೆ ಕೂಡುವ ಮಗು ನೋಡಲು ಚೆಂದ. ಆ ವೇಗಕ್ಕೂ ಲಿಮಿಟ್ಸ್‌ನಲ್ಲಿ ಲಸಾಅ ತೆಗೆಯುವುದಕ್ಕೂ ನೆಂಟಸ್ತನ ಬಹಳ ದೂರದ್ದು.

ಗಂಟನ್ನು ಇನ್ನೂ ಬಿಚ್ಚಿದರೆ ಕೈಗೆ ಸಿಗುವುದು ಭಿನ್ನರಾಶಿ. ಇದು ನನ್ನೊಬ್ಬಳ ಗೀಳಲ್ಲ. ರಾಬರ್ಟ್ ಸೀಗ್ಲರ್ ಮತ್ತು ಸಂಗಡಿಗರು 2012ರಲ್ಲಿ ಅಮೆರಿಕ, ಬ್ರಿಟನ್ ಎರಡೂ ದೇಶಗಳ ಮಕ್ಕಳ ವರ್ಷಗಟ್ಟಲೆಯ ಮಾಹಿತಿ ಹಿಡಿದು ನೋಡಿದರು. ಹತ್ತರ ಆಸುಪಾಸಿನ ವಯಸ್ಸಿನಲ್ಲಿ ಭಿನ್ನರಾಶಿ ಮತ್ತು ಭಾಗಾಕಾರ ಎಷ್ಟು ತಿಳಿದಿತ್ತು ಎನ್ನುವುದರಿಂದ, ಐದಾರು ವರ್ಷ ಕಳೆದ ಮೇಲೆ ಹೈಸ್ಕೂಲಿನಲ್ಲಿ ಆ ಮಗುವಿನ ಬೀಜಗಣಿತ ಹೇಗಿರುತ್ತದೆ ಎಂದು ಊಹಿಸಬಹುದಿತ್ತು. ಬುದ್ಧಿಮತ್ತೆ, ಮನೆಯ ಆದಾಯ, ಅಪ್ಪ ಅಮ್ಮನ ಓದು, ಕೂಡುವ ಗುಣಿಸುವ ಚುರುಕು, ಇವನ್ನೆಲ್ಲ ಲೆಕ್ಕದಿಂದ ತೆಗೆದಿಟ್ಟ ಮೇಲೂ ಆ ನಂಟು ಹೋಗಲಿಲ್ಲ. ಇದಕ್ಕಿಂತ ಹಳೆಯದೊಂದು ಪ್ರಶ್ನೆಯಿದೆ, 1978ರಲ್ಲಿ ಅಮೆರಿಕದ ರಾಷ್ಟ್ರೀಯ ಪರೀಕ್ಷೆಯಲ್ಲಿ ಹದಿಮೂರು ವರ್ಷದವರಿಗೆ ಕೇಳಿದ್ದು: 12/13 ಮತ್ತು 7/8 ಕೂಡಿದರೆ ಹತ್ತಿರಹತ್ತಿರ ಎಷ್ಟು? ಆಯ್ಕೆಗಳು 1, 2, 19, 21. ಎರಡೂ ಒಂದಕ್ಕೆ ಸಮೀಪದವು, ಕೂಡಿದರೆ ಎರಡರ ಸುಮಾರು. ಎರಡು ಎಂದವರು ಶೇ 24 ಮಾತ್ರ. 19 ಎಂದವರೂ 21 ಎಂದವರೂ ಅದಕ್ಕಿಂತ ಹೆಚ್ಚಿದ್ದರು, ಅಂದರೆ ಮೇಲಿನವನ್ನು ಮೇಲೆ, ಕೆಳಗಿನವನ್ನು ಕೆಳಗೆ ಕೂಡಿದವರು. ನಾನು ಈ ಪ್ರಶ್ನೆಯನ್ನು ಪ್ರಥಮ ಪಿಯುಸಿ ಸೈನ್ಸ್ ಕ್ಲಾಸಿನಲ್ಲಿ ಮೊದಲ ವಾರವೇ ಹಾಕುತ್ತೇನೆ. ಪೆನ್ನು ಹಿಡಿಯಬಾರದು, ಬಾಯಲ್ಲೇ ಹೇಳಬೇಕು. ಫಲಿತಾಂಶ ಹೇಳಿ ಯಾರ ಮಾನವನ್ನೂ ಕಳೆಯುವುದಿಲ್ಲ. ಆ ತಪ್ಪು ಅಮೆರಿಕಕ್ಕೆ ಸೀಮಿತವಲ್ಲ ಎಂದಷ್ಟೇ ಹೇಳುತ್ತೇನೆ.

ಕಲಿಸುವವರ ಸ್ಥಿತಿಯೂ ಸುಭದ್ರವಲ್ಲ. ಲಿಪಿಂಗ್ ಮಾ ಎಂಬಾಕೆ ಚೀನಾ ಮತ್ತು ಅಮೆರಿಕದ ಪ್ರಾಥಮಿಕ ಶಾಲಾ ಶಿಕ್ಷಕರನ್ನು ಹೋಲಿಸಿ 1999ರಲ್ಲಿ ಪುಸ್ತಕ ತಂದರು. ಒಂದೂಮುಕ್ಕಾಲನ್ನು ಅರ್ಧದಿಂದ ಭಾಗಿಸಿ, ಮತ್ತು ಅದಕ್ಕೆ ತಕ್ಕ ಕಥೆಯೊಂದನ್ನು ಹೇಳಿ ಎಂಬುದು ಅವರ ಪ್ರಶ್ನೆಗಳಲ್ಲೊಂದು. ಚೀನಾದ 72 ಶಿಕ್ಷಕರೂ ಲೆಕ್ಕ ಸರಿ ಮಾಡಿದರು. ಅಮೆರಿಕದವರಲ್ಲಿ ಅರ್ಧದಷ್ಟೂ ಜನ ಸರಿ ಮಾಡಲಿಲ್ಲ, ಕಥೆ ಹೇಳಿ ಎಂದಾಗ ಹಲವರು ಅರ್ಧದಿಂದ ಭಾಗಿಸುವುದನ್ನೂ ಎರಡರಿಂದ ಭಾಗಿಸುವುದನ್ನೂ ಕಲಸಿಬಿಟ್ಟರು. ಚೀನಾದ ಆ ಶಿಕ್ಷಕರಲ್ಲಿ ಬಹುತೇಕರು ಕಾಲೇಜು ಮೆಟ್ಟಿಲು ಹತ್ತಿದವರಲ್ಲ ಎನ್ನುವುದು ಈ ಕಥೆಯ ಖಾರ. ನೀವೂ ಪ್ರಯತ್ನಿಸಿ. ಒಂದೂಮುಕ್ಕಾಲು ಲೀಟರ್ ಹಾಲಿದೆ, ಅರ್ಧ ಲೀಟರಿನ ಪಾತ್ರೆಗೆ ತುಂಬುತ್ತ ಹೋದರೆ ಎಷ್ಟು ಪಾತ್ರೆ? ಮೂರು ತುಂಬಿ, ನಾಲ್ಕನೆಯದು ಅರ್ಧ. ಮೂರೂವರೆ. ತಲೆಕೆಳಗು ಮಾಡಿ ಗುಣಿಸುವ ಗೋಜಿಲ್ಲದೆಯೇ ಉತ್ತರ ಬಂತು. ಭಾಗಿಸಿದರೆ ಸಂಖ್ಯೆ ದೊಡ್ಡದಾಗಬಹುದು ಎಂಬುದೂ ಕಂಡಿತು.

ನಮ್ಮ ನೆಲದಲ್ಲಿ ಭಿನ್ನರಾಶಿಗೆ ಇಂಥ ದಾರಿದ್ರ್ಯ ಬರಬಾರದಿತ್ತು. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಅದರಲ್ಲಿ ಭಿನ್ನರಾಶಿಗೆ ಒಂದು ಅಧ್ಯಾಯವೇ ಮೀಸಲು. ಛೇದಗಳನ್ನು ಸಮ ಮಾಡಲು ಲಘುತಮ ಅಪವರ್ತ್ಯ ಹಿಡಿಯುವ ದಾರಿಯನ್ನು ಆತ ಆಗಲೇ ಹೇಳಿದ್ದಾನೆ, ಭಾಜಕವನ್ನು ತಲೆಕೆಳಗು ಮಾಡಿ ಗುಣಿಸುವ ನಿಯಮವನ್ನೂ. ಋಣ ಸಂಖ್ಯೆಗೆ ವರ್ಗಮೂಲವಿಲ್ಲ ಎಂದವನೂ ಅವನೇ. ಅಷ್ಟು ಬಲ್ಲ ಮನುಷ್ಯ ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಉಳಿಯುತ್ತದೆ ಎಂದುಬಿಟ್ಟಿದ್ದಾನೆ. ಸೊನ್ನೆಯಿಂದ ಭಾಗಿಸಿ ಬೈಸಿಕೊಂಡ ಮಕ್ಕಳಿಗೆ ನಾನು ಇದನ್ನು ಹೇಳಿ ಸಮಾಧಾನ ಮಾಡುವುದುಂಟು. ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲೇ ಬರೆದ.

ಪಂಡಿತರ ಮಾತು ಬಿಡಿ. ಕೂಲಿಮಠಗಳಲ್ಲಿ ಮಕ್ಕಳು ಎರಡರ ಮಗ್ಗಿಯ ಜೊತೆಗೆ ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳನ್ನೂ ಉರು ಹೊಡೆಯುತ್ತಿದ್ದರು. ರೂಪಾಯಿಗೆ 16 ಆಣೆ, ಸೇರಿಗೆ ನಾಲ್ಕು ಪಾವು ಇದ್ದ ಕಾಲದಲ್ಲಿ ಅದಿಲ್ಲದೆ ಅಂಗಡಿ ನಡೆಯುತ್ತಿರಲಿಲ್ಲ. 1957ರ ಏಪ್ರಿಲ್‌ನಲ್ಲಿ ನೂರು ನಯೇ ಪೈಸೆಯ ರೂಪಾಯಿ ಬಂತು, ಹಿಂದೆಯೇ ಕಿಲೋ, ಲೀಟರು, ಮೀಟರುಗಳು ಬಂದವು. ಲೆಕ್ಕ ಹಗುರವಾಯಿತು, ಕಾಲು–ಮುಕ್ಕಾಲಿನ ಮಗ್ಗಿಗಳಿಗೆ ಕೆಲಸವಿಲ್ಲದಾಯಿತು. ಹಾಗಂತ ಆ ಕಾಲವನ್ನು ಹಾಡಿ ಹೊಗಳಲು ನಾನು ತಯಾರಿಲ್ಲ. ಕೂಲಿಮಠದ ಬಾಗಿಲು ಎಷ್ಟು ಜನರ ಮಕ್ಕಳಿಗೆ ತೆರೆದಿತ್ತು, ಎಷ್ಟು ಹೆಣ್ಣುಮಕ್ಕಳು ಒಳಗಿದ್ದರು ಎಂದು ಕೇಳಿಕೊಂಡರೆ ಸಾಕು. ಅಲ್ಲಿ ಬೆತ್ತದ ಪಾಲೂ ದೊಡ್ಡದಿತ್ತು.

ಹತ್ತು ವರ್ಷ ಶಾಲೆಯಲ್ಲಿದ್ದೂ ಈ ಬಾಕಿ ಯಾರ ಕಣ್ಣಿಗೂ ಬೀಳದೆ ಹೇಗೆ ಉಳಿಯುತ್ತದೆ ಎಂಬುದಕ್ಕೆ 'ಪಾಸಿಂಗ್ ಪ್ಯಾಕೇಜ್' ನೋಡಬೇಕು. ಹೊರಗಿನವರಿಗೆ ಈ ಹೆಸರು ಗೊತ್ತಿರಲಿಕ್ಕಿಲ್ಲ, ಹೈಸ್ಕೂಲು ಮೇಷ್ಟ್ರುಗಳಿಗೆ ಇದು ಉಸಿರು. ಎಸ್ಸೆಸ್ಸೆಲ್ಸಿಯಲ್ಲಿ ಬೀಳುವ ಅಂದಾಜಿರುವ ಮಕ್ಕಳಿಗೆಂದು ಡಿಸೆಂಬರ್ ಹೊತ್ತಿಗೆ ತಯಾರಾಗುವ ಕೆಲವೇ ಪುಟಗಳ ಕಟ್ಟು ಅದು. ಗಣಿತದ ಕಟ್ಟಿನಲ್ಲಿ ಎರಡು ರೇಖಾತ್ಮಕ ಸಮೀಕರಣಗಳ ನಕ್ಷೆ ಇರುತ್ತದೆ, ಥೇಲ್ಸ್ ಪ್ರಮೇಯದ ಸಾಧನೆ ಇರುತ್ತದೆ, ಸರಾಸರಿ–ಮಧ್ಯಾಂಕ–ಬಹುಲಕದ ಕೋಷ್ಟಕ, ಸಮಾಂತರ ಶ್ರೇಢಿಯ ಎನ್‌ನೇ ಪದ, ರಚನೆಗಳು ಪಠ್ಯದಲ್ಲಿದ್ದ ವರ್ಷಗಳಲ್ಲಿ ಸ್ಪರ್ಶಕ ಎಳೆಯುವುದು ಇರುತ್ತದೆ. ಇವನ್ನು ಮತ್ತೆ ಮತ್ತೆ ಮಾಡಿಸಿದರೆ ಮಗು ಪಾಸು. ಪ್ರಮೇಯವನ್ನು ಪದ್ಯ ಕಂಠಪಾಠ ಮಾಡಿದಂತೆ ಮಾಡಿದರೂ ಅಂಕ ಬರುತ್ತದೆ. ಈ ಕಟ್ಟನ್ನು ಬೈಯುವುದು ಸುಲಭ. ಫೇಲಾದರೆ ಓದು ಬಿಡಿಸಿ ಮದುವೆ ಮಾಡಿಬಿಡುವ ಮನೆಯ ಹುಡುಗಿಗೆ ಆ ಕಟ್ಟು ಏನು ಎಂದು ಗೊತ್ತಿರುವ ಮೇಷ್ಟ್ರು ಬೈಯುವುದಿಲ್ಲ, ನಾನೂ ಬೈಯುವುದಿಲ್ಲ. ಆದರೆ ಭಿನ್ನರಾಶಿಯ ಹತ್ತಿರವೂ ಸುಳಿಯದೆ ಗಣಿತದಲ್ಲಿ ಪಾಸಾಗುವ ದಾರಿ ಅದೇ. ಚೆನ್ನಾಗಿ ಓದುವವರ ಕಥೆ ಇದಕ್ಕಿಂತ ಬಹಳ ಬೇರೆಯಲ್ಲ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿ ಬಿಡಿಸಿ, ಯಾವ ಪ್ರಶ್ನೆಗೆ ಯಾವ ಹೆಜ್ಜೆ ಎಂದು ಕೈಗೆ ರೂಢಿಯಾಗಿ, ತೊಂಬತ್ತರ ಮೇಲೆ ಅಂಕ ತಂದು, ಅದೇ ಧೈರ್ಯದಲ್ಲಿ ಪಿಸಿಎಂಬಿ ಸೇರುತ್ತಾರೆ.

ಕೊರೊನಾ ಈ ಬಾಕಿಗೆ ಬಡ್ಡಿ ಸೇರಿಸಿತು. 2021ರ ಜುಲೈನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಎರಡೇ ದಿನ, ಬಹುಆಯ್ಕೆ ಪ್ರಶ್ನೆಗಳಲ್ಲಿ ನಡೆದು ಹೆಚ್ಚುಕಮ್ಮಿ ಎಲ್ಲರೂ ಪಾಸಾದರು. ಆ ಬ್ಯಾಚಿನವರು ಕಾಲೇಜು ಮುಗಿಸುವ ವಯಸ್ಸಿಗೆ ಬಂದಿದ್ದಾರೆ. ನನಗೆ ಅವರಿಗಿಂತ ಹೆಚ್ಚು ಚಿಂತೆ 2020–21ರಲ್ಲಿ ಐದನೇ ಕ್ಲಾಸಿನಲ್ಲಿದ್ದವರದ್ದು. ಲಸಾಅ ಕಲಿಯಬೇಕಿದ್ದ ವರ್ಷ ಅವರು ಊರ ಜಗಲಿಯ 'ವಿದ್ಯಾಗಮ'ದಲ್ಲೋ, ಅಪ್ಪನ ಮೊಬೈಲಿನ ಎದುರೋ, ಹೊಲದಲ್ಲೋ ಇದ್ದರು. ವರ್ಷಕ್ಕೊಂದು ಕ್ಲಾಸು ದಾಟಿದರೆ ಅವರು ಪಿಯುಸಿ ಬಾಗಿಲಿಗೆ ಬರುವುದು 2026ರಲ್ಲಿ.

ಎಲ್ಲ ಬಾಕಿಯನ್ನೂ ಮಕ್ಕಳ ತಲೆಗೆ ಕಟ್ಟುವುದು ನ್ಯಾಯವಲ್ಲ. ಲಾಗರಿದಮ್ ತೆಗೆದುಕೊಳ್ಳಿ. ಈಗ ಹತ್ತನೇ ಕ್ಲಾಸಿನವರೆಗೆ ಓದುವ ಎನ್‌ಸಿಇಆರ್‌ಟಿ ಮಾದರಿಯ ಗಣಿತ ಪುಸ್ತಕಗಳಲ್ಲಿ ಅದಕ್ಕೊಂದು ಪಾಠವಿಲ್ಲ. ಪಿಯುಸಿಗೆ ಬಂದರೆ ಕೆಮಿಸ್ಟ್ರಿಯ ಪಿಎಚ್ ಲೆಕ್ಕದಲ್ಲಿ ಲಾಗ್ ಬರುತ್ತದೆ, ದ್ವಿತೀಯ ಪಿಯುಸಿಯ ಡಿಫರೆನ್ಶಿಯೇಷನ್‌ನಲ್ಲಿ ಲಾಗ್ ಬರುತ್ತದೆ. ಕೆಮಿಸ್ಟ್ರಿಯವರು ಅದನ್ನು ಗಣಿತದವರು ಮಾಡಿರುತ್ತಾರೆ ಎಂದುಕೊಳ್ಳುತ್ತಾರೆ, ಗಣಿತದವರು ಹೈಸ್ಕೂಲಿನಲ್ಲಿ ಆಗಿರುತ್ತದೆ ಎಂದುಕೊಳ್ಳುತ್ತಾರೆ. ಮಗು ಮಾತ್ರ ತನ್ನ ಬೇಸಿಕ್ಸ್ ವೀಕು ಎಂದುಕೊಂಡು ತಲೆ ತಗ್ಗಿಸುತ್ತದೆ. ಯಾರೂ ಕಲಿಸದೇ ಇದ್ದದ್ದು ಬಾರದಿದ್ದರೆ ಅದನ್ನು ದೌರ್ಬಲ್ಯ ಎನ್ನಲಾಗುತ್ತದೆಯೆ?

ಎಂಜಿನಿಯರಿಂಗ್‌ಗೆ ಹೋದ ಮೇಲೆ ಇದಕ್ಕೆ ಲೆಕ್ಕಪತ್ರ ಸಿಗುತ್ತದೆ. ಎಂ-ಒನ್, ಎಂ-ಟು ಎಂದು ಹುಡುಗರು ಕರೆಯುವ ಗಣಿತದ ಪೇಪರುಗಳು ಎಷ್ಟು ಜನರ 'ಬ್ಯಾಕ್' ಪಟ್ಟಿಯಲ್ಲಿ ಕೊನೆಯವರೆಗೆ ಉಳಿಯುತ್ತವೆಂದು ಯಾವ ಹಾಸ್ಟೆಲಿನಲ್ಲಿ ಕೇಳಿದರೂ ಹೇಳುತ್ತಾರೆ. ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ನೇರ ಎರಡನೇ ವರ್ಷಕ್ಕೆ ಬರುವವರ ಪಾಡು ಇನ್ನೂ ಬಿಗಿ. ವಿಟಿಯು ಅವರಿಗೆಂದು 'ಅಡಿಷನಲ್ ಮ್ಯಾಥಮೆಟಿಕ್ಸ್' ಎಂಬ ಪೇಪರ್ ಇಟ್ಟದ್ದು ಒಳ್ಳೆಯ ಯೋಚನೆಯೇ. ಆದರೆ ಅದು ಕಲಿಸುವುದು ತಪ್ಪಿಹೋದ ಮೊದಲ ವರ್ಷದ ಗಣಿತವನ್ನು. ಮೆಷಿನ್ ಶಾಪಿನಲ್ಲಿ ಕೈ ಪಳಗಿದ, ಮೈಕ್ರೊಮೀಟರ್ ಹಿಡಿದು ಮಿಲಿಮೀಟರಿನ ನೂರನೇ ಒಂದು ಭಾಗ ಅಳೆಯುವ ಹುಡುಗನಿಗೆ ತಪ್ಪಿಹೋದದ್ದು ಮೊದಲ ವರ್ಷಕ್ಕಿಂತ ಎಷ್ಟೋ ಹಿಂದಿನದು. ಅವನಿಗೆ ಆ ಪೇಪರೂ ಇನ್ನೊಂದು ಬ್ಯಾಕ್ ಆಗುವುದುಂಟು.

ಹಿಂದಿನದು ಬಾರದಿದ್ದರೆ ಮುಂದಿನದು ಯಾಕೆ ಹತ್ತುವುದಿಲ್ಲ ಎಂಬುದಕ್ಕೆ ಮನೋವಿಜ್ಞಾನದವರ ವಿವರಣೆ ಸರಳ. ಮನಸ್ಸು ಏಕಕಾಲಕ್ಕೆ ಹಿಡಿದಿಟ್ಟುಕೊಳ್ಳುವ ಸಂಗತಿಗಳು ಬೆರಳೆಣಿಕೆಯವು. ಆಸ್ಟ್ರೇಲಿಯಾದ ಜಾನ್ ಸ್ವೆಲರ್ 1988ರ ಪ್ರಬಂಧದಿಂದ ಆರಂಭಿಸಿ ಇದರ ಮೇಲೆ ದೊಡ್ಡ ಸಿದ್ಧಾಂತವನ್ನೇ ಕಟ್ಟಿದ್ದಾರೆ. ಬೋರ್ಡಿನ ಮೇಲೆ ಇಂಟಿಗ್ರೇಷನ್ ನಡೆಯುತ್ತಿರುವಾಗ ಲೆಕ್ಚರರ್ 'ಇದನ್ನು ಸಿಂಪ್ಲಿಫೈ ಮಾಡಿದರೆ' ಎಂದು ಎರಡು ಸಾಲು ಹಾರಿದರೆ, ಭಿನ್ನರಾಶಿ ಕೈವಶವಾದವಳ ಗಮನ ಇಂಟಿಗ್ರೇಷನ್ ಮೇಲೇ ಇರುತ್ತದೆ. ಆಗದವನು ಆ ಎರಡು ಸಾಲನ್ನು ಬಿಡಿಸುತ್ತ ಕೂರುತ್ತಾನೆ, ತಲೆ ಎತ್ತುವಷ್ಟರಲ್ಲಿ ಬೋರ್ಡು ಒರೆಸಿಯಾಗಿರುತ್ತದೆ. ಅವನಿಗೆ ಇಂಟಿಗ್ರೇಷನ್ ಅರ್ಥವಾಗಲಿಲ್ಲ ಎನ್ನುವುದು ತಪ್ಪು. ಅವನು ಅದನ್ನು ನೋಡಲೇ ಇಲ್ಲ.

ಹಾಗಾದರೆ ಹಿಂದೆ ಹೋಗಿ ಕಲಿಯಬಾರದೆ? ಹದಿನೇಳರ ಹುಡುಗನ ಕೈಗೆ ಆರನೇ ಕ್ಲಾಸಿನ ಪುಸ್ತಕ ಕೊಟ್ಟು ನೋಡಿ. ಬ್ಯಾಗಿನೊಳಗೆ ತುರುಕಿ, ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸುತ್ತಾನೆ. ಚನ್ನರಾಯಪಟ್ಟಣದ ಕಡೆಯ ಒಬ್ಬ ಹುಡುಗ, ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಒಳ್ಳೆಯ ಅಂಕ ತಂದವನು, ಮಿಡ್‌ಟರ್ಮ್ ಆದ ಮೇಲೆ ಸೈನ್ಸ್ ಬಿಟ್ಟು ಆರ್ಟ್ಸ್ ತೆಗೆದುಕೊಳ್ಳುತ್ತೇನೆ ಎಂದು ಬಂದಿದ್ದ. ಅವನ ಪೇಪರಿನಲ್ಲಿ (ಎಕ್ಸ್+3)/3 ಎಂಬಲ್ಲಿ ಮೂರಕ್ಕೆ ಮೂರು ಹೊಡೆದು ಬರೀ ಎಕ್ಸ್ ಉಳಿಸಿದ್ದ.

"ಇಲ್ಲಿ ಮೂರು ಯಾಕೋ ಹೊಡೆದೆ?"

"ಮೇಲೊಂದು ಕೆಳಗೊಂದು ಇದೆಯಲ್ಲ ಮೇಡಂ, ಕಟ್ ಆಗುತ್ತಲ್ವಾ?"

"ಎಕ್ಸ್ ಅನ್ನೋ ಕಡೆ ಆರು ಹಾಕಿ ನೋಡು."

ಆರು, ಮೂರು, ಒಂಬತ್ತು. ಮೂರರಿಂದ ಭಾಗಿಸಿದರೆ ಮೂರು. ಅವನ ಉತ್ತರದ ಪ್ರಕಾರ ಆರು ಬರಬೇಕಿತ್ತು. ಬಹಳ ಹೊತ್ತು ಅದನ್ನೇ ನೋಡಿದ. "ಅಂದ್ರೆ ಎಕ್ಸ್ ಜಾಗಕ್ಕೆ ನಂಬರ್ ಹಾಕಬಹುದಾ ಮೇಡಂ?" ಎಂದ. ಎಂಟನೇ ಕ್ಲಾಸಿನಿಂದ ಆ ಅಕ್ಷರದ ಜೊತೆ ಏಗುತ್ತಿದ್ದ ಹುಡುಗನಿಗೆ ಅದೊಂದು ಸಂಖ್ಯೆ ಎಂಬುದು ಅಂದು ಸುದ್ದಿ.

ಕಾಗದದ ಮೇಲೆ ಗೆರೆ ಎಳೆದು ಸೊನ್ನೆಯಿಂದ ಐದರವರೆಗೆ ಗುರುತು ಹಾಕಿ, 3/4 ಎಲ್ಲಿದೆ ತೋರಿಸು ಎಂದೆ. ಮೂರಕ್ಕೂ ನಾಲ್ಕಕ್ಕೂ ನಡುವೆ ಚುಕ್ಕಿ ಇಟ್ಟ. ಮುಕ್ಕಾಲು ಕೆಜಿ ಅಂದರೆ ಎಷ್ಟು ಗ್ರಾಂ ಎಂದು ಕೇಳಿದೆ. "ಏಳುನೂರೈವತ್ತು" ಎಂದ, ನನ್ನ ಮಾತು ಮುಗಿಯುವ ಮೊದಲೇ. ಅವರ ಮನೆಯವರದು ಸಂತೆಯಲ್ಲಿ ತರಕಾರಿ ವ್ಯಾಪಾರ. ಒಂದು ಕೆಜಿಗಿಂತ ಹೆಚ್ಚೋ ಕಡಿಮೆಯೋ? ಕಡಿಮೆ. ಹಾಗಾದರೆ ಗೆರೆಯ ಮೇಲೆ ಎಲ್ಲಿ? ಚುಕ್ಕಿಯನ್ನು ಅಳಿಸಿ ಒಂದರ ಈಚೆಗೆ ತಂದ.

ಅಲ್ಲಿಂದ ಮುಂದಿನದು ಪವಾಡವೇನಲ್ಲ. ಸಂಜೆ ಅರ್ಧ ಗಂಟೆ, ಒಂದು ಸಲಕ್ಕೆ ಒಂದೇ ವಿಷಯ. ಭಿನ್ನರಾಶಿ ಹಿಡಿಯಲು ಐದನೇ ಕ್ಲಾಸಿನ ಮಗುವಿಗೆ ಬೇಕಾಗುವಷ್ಟು ಕಾಲ ಹದಿನೇಳರವನಿಗೆ ಬೇಕಾಗುವುದಿಲ್ಲ. ಅವನ ಬಳಿ ತರ್ಕ ಇದೆ, ಅನುಭವ ಇದೆ, ಯಾಕೆ ಬೇಕು ಎಂಬುದೂ ಗೊತ್ತಿದೆ. ಒಂದು ಅಭ್ಯಾಸ ಮಾತ್ರ ಕಡ್ಡಾಯ ಮಾಡಿದ್ದೆ: ಯಾವ ಹೆಜ್ಜೆ ಸರಿಯೋ ತಪ್ಪೋ ಎಂಬ ಅನುಮಾನ ಬಂದರೂ ನನ್ನನ್ನು ಕೇಳಬಾರದು, ಅಕ್ಷರದ ಜಾಗಕ್ಕೆ ಸಣ್ಣ ಸಂಖ್ಯೆ ಹಾಕಿ ತಾನೇ ಪರೀಕ್ಷಿಸಬೇಕು. ಸ್ಕ್ವೇರ್ ರೂಟಿನೊಳಗೆ ಕೂಡುವ ಗುರುತಿದ್ದರೆ ಒಡೆಯಬಹುದೆ? 9 ಮತ್ತು 16 ಹಾಕು. ಕೂಡಿದರೆ 25, ಅದರ ಮೂಲ 5. ಒಡೆದರೆ 3 ಮತ್ತು 4, ಒಟ್ಟು 7. ಒಡೆಯಬಾರದು. ಅವನು ಸೈನ್ಸ್ ಬಿಡಲಿಲ್ಲ. ರ‍್ಯಾಂಕೂ ಬರಲಿಲ್ಲ.

ಕಲಿಯುವವರ ಮಟ್ಟಕ್ಕೇ ಹೋಗಿ ಕಲಿಸುವ ಈ ಉಪಾಯ ಹೊಸದಲ್ಲ. 'ಪ್ರಥಮ್' ಇಪ್ಪತ್ತು ವರ್ಷಗಳಿಂದ ಪ್ರೈಮರಿ ಮಕ್ಕಳಲ್ಲಿ ಮಾಡುತ್ತ ಬಂದಿದೆ. ತರಗತಿ ನೋಡದೆ, ಏನು ಬರುತ್ತದೆ ಎಂಬುದರ ಮೇಲೆ ಗುಂಪು ಮಾಡುತ್ತಾರೆ. ವಡೋದರ ಮತ್ತು ಮುಂಬೈಗಳಲ್ಲಿ ಇಂಥ ಪ್ರಯೋಗವನ್ನು ಅಳೆದು ನೋಡಿದವರಲ್ಲಿ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಇದ್ದರು, ಇಬ್ಬರಿಗೂ 2019ರಲ್ಲಿ ನೊಬೆಲ್ ಬಂತು. ನಮ್ಮಲ್ಲೂ ಅಕ್ಷರ ಫೌಂಡೇಷನ್ 'ಗಣಿತ ಕಲಿಕಾ ಆಂದೋಲನ'ದ ಹೆಸರಿನಲ್ಲಿ ನಾಲ್ಕು, ಐದನೇ ತರಗತಿಗಳಿಗೆ ಭಿನ್ನರಾಶಿಯ ಪಟ್ಟಿಗಳಿರುವ ಕಲಿಕಾ ಕಿಟ್ ಕೊಟ್ಟಿದೆ. ಎಲ್ಲ ಸರಿ. ಇವೆಲ್ಲ ಹತ್ತು ವರ್ಷದವರಿಗೆ. ಹತ್ತರಲ್ಲಿ ತಪ್ಪಿಸಿಕೊಂಡು ಹದಿನೇಳಕ್ಕೆ ಬಂದು ನಿಂತವರಿಗೆ ಏನಿದೆ? ಜೂನ್‌ನಲ್ಲಿ ಕಾಲೇಜು ತೆರೆದ ಕೂಡಲೇ ಬ್ರಿಡ್ಜ್ ಕೋರ್ಸ್ ಎಂದು ಕೆಲವು ದಿನ ಇರುತ್ತದೆ. ಅದರಲ್ಲಿ ಬಹಳ ಕಡೆ ನಡೆಯುವುದು ಸಿಇಟಿ–ಜೆಇಇ ಕೋಚಿಂಗಿನ ಪೀಠಿಕೆ. ಸಿಇಟಿಯ ಗಣಿತದಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ. ಆ ಓಟಕ್ಕೆ ಬಿದ್ದ ಪ್ರಿನ್ಸಿಪಾಲರ ಮುಂದೆ ಹೋಗಿ, ಎರಡು ವಾರ ಆರನೇ ಕ್ಲಾಸಿನ ಪಾಠ ಮಾಡುತ್ತೇನೆ ಎಂದು ಹೇಳಿ ನೋಡಿ. 'ಪೋರ್ಷನ್ ಯಾರು ಮುಗಿಸುತ್ತಾರೆ ಮೇಡಂ?' ಪೋರ್ಷನ್ ಮುಗಿಯುತ್ತದೆ, ಪ್ರತಿವರ್ಷವೂ ಮುಗಿಯುತ್ತದೆ. ಕ್ಲಾಸಿನ ಹಿಂದಿನ ಮೂರು ಬೆಂಚುಗಳನ್ನು ಬಿಟ್ಟು ಮುಗಿಯುತ್ತದೆ.

ಎರಡು ವಾರ ಸಾಕು ಎನ್ನುವುದು ನನ್ನ ಅನುಭವದ ಮಾತು. ಆದರೆ ಆ ಎರಡು ವಾರ ಎಲ್ಲರಿಗೂ ಒಂದೇ ಪಾಠ ಮಾಡಿದರೆ ದಂಡ. ಮೊದಲ ದಿನವೇ ಹತ್ತು ಪುಟ್ಟ ಪ್ರಶ್ನೆ ಕೊಟ್ಟು ಯಾರ ಬಾಕಿ ಎಲ್ಲಿದೆ ಎಂದು ನೋಡಬೇಕು. ಅಂಕ ಕೊಡಬಾರದು, ಹೆಸರು ಓದಬಾರದು. ಕೆಲವರಿಗೆ ಮೈನಸ್‌ನ ತೊಡಕು, ಕೆಲವರಿಗೆ ಘಾತಾಂಕದ್ದು, ಕೆಲವರಿಗೆ ಏನೂ ಇಲ್ಲ. ಏನೂ ಇಲ್ಲದವರನ್ನು ಕೂರಿಸಿ ಲಸಾಅ ಹೇಳಿಸುವುದೂ ಹಿಂಸೆಯೇ.

ಕಾಲೇಜಿನಲ್ಲಿ ಇದಾವುದೂ ಇಲ್ಲದ, ಟ್ಯೂಷನ್ನಿಗೂ ದಾರಿಯಿಲ್ಲದ ಓದುಗರು ಇದ್ದರೆ ಅವರಿಗೆ ಇಷ್ಟು. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಶಾಲಾ ಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಆರರಿಂದ ಎಂಟರವರೆಗಿನ ಗಣಿತ ಇಳಿಸಿಕೊಳ್ಳಿ, ಕನ್ನಡ ಮಾಧ್ಯಮದ್ದೂ ಇಂಗ್ಲಿಷ್ ಮಾಧ್ಯಮದ್ದೂ. ಎರಡರಲ್ಲೂ ಅವೇ ಲೆಕ್ಕಗಳಿರುವುದರಿಂದ ಪಕ್ಕಪಕ್ಕ ಇಟ್ಟುಕೊಂಡರೆ ಕನ್ನಡ ಮಾಧ್ಯಮದಿಂದ ಬಂದವರಿಗೆ ಕಾಲೇಜಿನ ಪರಿಭಾಷೆ ತಾನಾಗಿ ಕೂರುತ್ತದೆ. ಇಡೀ ಪುಸ್ತಕ ಬೇಡ. ಭಿನ್ನರಾಶಿ, ಪೂರ್ಣಾಂಕಗಳು, ಅನುಪಾತ, ಘಾತಾಂಕಗಳು, ಸರಳ ಸಮೀಕರಣ, ಬೀಜೋಕ್ತಿಗಳು, ಆಮೇಲೆ ಅಪವರ್ತನ, ಇದೇ ಕ್ರಮದಲ್ಲಿ. ಪ್ರತಿ ಪಾಠದ ಕೊನೆಯ ಲೆಕ್ಕಗಳಿಂದ ಶುರು ಮಾಡಿ. ಅವು ಬಂದರೆ ಆ ಪಾಠ ಬಿಡಿ, ಬಾರದಿದ್ದರೆ ಮೊದಲ ಪುಟಕ್ಕೆ ಹೋಗಿ. ಅಪವರ್ತನಕ್ಕೆ ಉಳಿದವುಗಳ ಎರಡು ಪಟ್ಟು ಸಮಯ ಇಟ್ಟುಕೊಳ್ಳಿ. ದ್ವಿತೀಯ ಪಿಯುಸಿಯಲ್ಲಿ ಪಾರ್ಷಿಯಲ್ ಫ್ರ್ಯಾಕ್ಷನ್ ಹಿಡಿದು ಇಂಟಿಗ್ರೇಷನ್ ಮಾಡುವ ದಿನ, ಮೊದಲ ಸಾಲಿನಲ್ಲೇ ಅದನ್ನು ಕೇಳುತ್ತಾರೆ.